ಮಿಡಿ ಮೆತ್ತಗಾಗದಿರಲು ಉಪ್ಪಿನ ಲೆಕ್ಕ

ಮೇ ತಿಂಗಳು ಬಂತೆಂದರೆ ನನಗೆ ಮಾವಿನ ಮಿಡಿಯ ಫೋನುಗಳು ಶುರು. ಹೋದ ವರ್ಷ ಬಂದದ್ದರಲ್ಲಿ ಒಂದು ಹೀಗಿತ್ತು: “ಅಕ್ಕಾ, ಭರಣಿ ಬಾಯಿ ಬಿಚ್ಚಿ ನೋಡಿದೆ. ಮಿಡಿ ಒತ್ತಿದರೆ ಬೆರಳು ಒಳಗೇ ಹೋಗ್ತದೆ. ಮೇಲೆ ಬಿಳಿ ಪರೆ ಕಟ್ಟಿದೆ. ಅಮ್ಮ ಹಾಕಿದ್ದು ಮೂರು ವರ್ಷ ಕಟುಂ ಕಟುಂ ಅಂತಿತ್ತು. ನಂದು ಮೂರು ವಾರಕ್ಕೇ ಹೀಗಾಯ್ತಲ್ಲ?”

ಇಂಥ ಫೋನು ಬಂದಾಗ ನಾನು ಕೇಳುವ ಪ್ರಶ್ನೆ ಒಂದೇ. ಎಷ್ಟು ಮಿಡಿಗೆ ಎಷ್ಟು ಉಪ್ಪು ಹಾಕಿದೆ? ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ. “ಮನೇಲಿ ಎಲ್ಲರಿಗೂ ಬಿಪಿ ಅಲ್ವಾ, ಅಮ್ಮ ಹೇಳಿದ್ದರಲ್ಲಿ ಅರ್ಧ ಹಾಕಿದೆ.”

ಮದುವೆಯಾಗಿ ಬೆಂಗಳೂರಿಗೆ ಬಂದ ಮೊದಲ ವರ್ಷ ನಾನೂ ಇದೇ ಮಾಡಿದ್ದೆ. ಸಾಗರದಿಂದ ಬಸ್ಸಿನಲ್ಲಿ ಬಂದ ಮೂರು ಕೆ.ಜಿ. ಅಪ್ಪೆಮಿಡಿಗೆ ಮುನ್ನೂರು ಗ್ರಾಂ ಉಪ್ಪು. ಹನ್ನೆರಡನೆಯ ದಿನ ಮುಚ್ಚಳ ತೆಗೆದರೆ ನೊರೆ ಎದ್ದಿತ್ತು. ಅಪ್ಪೆಯ ಘಮದ ಜಾಗದಲ್ಲಿ ಹುಳಿತ ಹಿಟ್ಟಿನ ವಾಸನೆ. ಮೂರು ಕೆ.ಜಿ.ಯನ್ನೂ ಚೆಲ್ಲಬೇಕಾಯಿತು. ಮರ ಹತ್ತಿ, ಕೈಯಲ್ಲೇ ಕೊಯ್ದು, ಒಂದೊಂದನ್ನೂ ತೊಟ್ಟು ಮುರಿಯದಂತೆ ಇಳಿಸಿದವರ ಶ್ರಮ ನೆನಪಾಗಿ ಆ ದಿನ ಊಟ ಸೇರಲಿಲ್ಲ. ಉಪ್ಪು ಭರಣಿಯೊಳಗೆ ಏನು ಮಾಡುತ್ತದೆ ಎಂದು ನಾನು ಹುಡುಕಿಕೊಂಡು ಓದತೊಡಗಿದ್ದು ಅದಾದ ಮೇಲೆ. ಅದು ತಿಳಿದರೆ ಅಳತೆ ತಾನಾಗಿ ಅರ್ಥವಾಗುತ್ತದೆ. ಹಾಗಾಗಿ ಮೊದಲು ಅದನ್ನೇ ಹೇಳುತ್ತೇನೆ.

ಉಪ್ಪು ನೀರನ್ನು ಹೇಗೆ ಹೊರಗೆಳೆಯುತ್ತದೆ

ಸೌತೆಕಾಯಿ ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೆ ಹಾಕಬೇಕು ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರೆ. ಮೊದಲೇ ಹಾಕಿಟ್ಟರೆ ಅರ್ಧ ಗಂಟೆಯಲ್ಲಿ ಪಾತ್ರೆಯ ತಳದಲ್ಲಿ ನೀರು ನಿಲ್ಲುತ್ತದೆ, ಸೌತೆಕಾಯಿ ಜೋಲು ಬೀಳುತ್ತದೆ. ಆ ನೀರನ್ನು ಯಾರೂ ಹೊರಗಿನಿಂದ ಹಾಕಿದ್ದಲ್ಲ. ಅದು ಸೌತೆಕಾಯಿಯ ಕೋಶಗಳೊಳಗೆ ಇದ್ದದ್ದು.

ಪ್ರತಿ ಜೀವಕೋಶದ ಸುತ್ತಲೂ ತೆಳುವಾದ ಒಂದು ಪೊರೆ ಇದೆ. ನೀರು ಅದನ್ನು ಸುಲಭವಾಗಿ ದಾಟುತ್ತದೆ. ಕರಗಿದ ಉಪ್ಪು, ಸಕ್ಕರೆ ಸುಲಭಕ್ಕೆ ದಾಟುವುದಿಲ್ಲ. ಪೊರೆಯ ಒಂದು ಕಡೆ ಕರಗಿದ ವಸ್ತು ಹೆಚ್ಚಿದ್ದರೆ ಆ ಕಡೆ ನೀರಿನ ಪಾಲು ಕಡಿಮೆ ಎಂದೇ ಅರ್ಥ. ಆಗ ನೀರು ತಾನು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹರಿಯುತ್ತದೆ. ಶಾಲೆಯ ಪುಸ್ತಕದಲ್ಲಿ ಅಭಿಸರಣೆ ಎಂದು ಓದಿದ್ದು ಇದನ್ನೇ. ಫ್ರಾನ್ಸಿನ ಪಾದ್ರಿ ನೊಲೆ 1748ರಲ್ಲಿ ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆ ಬಿಗಿದು ನೀರಿನಲ್ಲಿ ಮುಳುಗಿಸಿದಾಗ ಪೊರೆ ಉಬ್ಬಿದ್ದನ್ನು ಬರೆದಿಟ್ಟ. ಈ ಎಳೆತದ ಬಲವನ್ನು ಲೆಕ್ಕಕ್ಕೆ ತಂದ ವ್ಯಾಂಟ್ ಹಾಫ್‌ಗೆ 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಂತು. ಪೊರೆಯಲ್ಲಿ ನೀರಿಗೆಂದೇ ಇರುವ ಸಣ್ಣ ಕೊಳವೆಗಳನ್ನು ಕಂಡುಹಿಡಿದ ಪೀಟರ್ ಆಗ್ರೆಗೆ ನೊಬೆಲ್ ಸಿಕ್ಕಿದ್ದು 2003ರಲ್ಲಿ. ಇಷ್ಟು ಇತಿಹಾಸ ಸಾಕು.

ಕೋಶದ ಹೊರಗಿನ ದ್ರಾವಣ ಮೂರು ಬಗೆಯದಾಗಿರಬಹುದು. ಒಳಗಿನಷ್ಟೇ ಗಾಢವಾಗಿದ್ದರೆ ಐಸೊಟಾನಿಕ್, ಅಂದರೆ ಸಮಬಲದ್ದು. ಆಗ ನೀರು ಎಷ್ಟು ಹೊರಬರುತ್ತದೋ ಅಷ್ಟೇ ಒಳಹೋಗುತ್ತದೆ. ಆಸ್ಪತ್ರೆಯಲ್ಲಿ ಹಾಕುವ ಸಲೈನ್ ಬಾಟಲಿಯಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುವುದು ಇದಕ್ಕಾಗಿಯೇ, ನಮ್ಮ ರಕ್ತಕಣಗಳಿಗೆ ಅದು ಸಮಬಲ. ಹೊರಗಿನದು ತೆಳುವಾದರೆ ಹೈಪೊಟಾನಿಕ್. ನೀರು ಒಳನುಗ್ಗಿ ಕೋಶ ಉಬ್ಬುತ್ತದೆ. ರಕ್ತಕಣವನ್ನು ಬರೀ ನೀರಿನಲ್ಲಿ ಹಾಕಿದರೆ ಉಬ್ಬಿ ಒಡೆದೇಹೋಗುತ್ತದೆ. ಹೊರಗಿನದು ಗಾಢವಾದರೆ ಹೈಪರ್ಟಾನಿಕ್. ನೀರು ಹೊರಬಂದು ಕೋಶ ಕುಗ್ಗುತ್ತದೆ. ನಿಮ್ಮ ಉಪ್ಪಿನಕಾಯಿ ಭರಣಿ ಈ ಮೂರನೆಯ ಬಗೆಯದು.

ಗಿಡದ ಕೋಶಕ್ಕೆ ಪೊರೆಯ ಹೊರಗೆ ಇನ್ನೊಂದು ಗಟ್ಟಿ ಗೋಡೆಯೂ ಇದೆ. ಒಳಗೆ ನೀರು ತುಂಬಿ ಪೊರೆ ಆ ಗೋಡೆಯನ್ನು ಒತ್ತುತ್ತಿರುತ್ತದೆ. ಆ ಒತ್ತಡ ಕಾರಿನ ಟೈರಿನೊಳಗಿನ ಗಾಳಿಯ ಒತ್ತಡಕ್ಕಿಂತಲೂ ಹೆಚ್ಚಿರಬಹುದು. ಎಳೆ ಮಿಡಿ ಕಚ್ಚಿದಾಗ ಕಟುಂ ಎನ್ನುವುದರಲ್ಲಿ ಈ ಒತ್ತಡದ ಪಾಲು ದೊಡ್ಡದು. ಗಾಢ ಉಪ್ಪುನೀರಿಗೆ ಬಿದ್ದ ಮೇಲೆ ಪೊರೆ ಗೋಡೆ ಬಿಟ್ಟು ಒಳಗೆ ಮುದುಡಿಕೊಳ್ಳುತ್ತದೆ. ಭರಣಿಯಲ್ಲಿ ಮಿಡಿ ಚಿರುಟುವುದು ಹೀಗೆ.

ನಂಬಿಕೆ ಬಾರದಿದ್ದರೆ ಒಂದು ಆಲೂಗಡ್ಡೆ ತೆಗೆದುಕೊಳ್ಳಿ. ಒಂದೇ ದಪ್ಪದ ಎರಡು ಉದ್ದನೆಯ ಹೋಳು ಕೊಯ್ಯಿರಿ. ಒಂದನ್ನು ಬರೀ ನೀರಿನ ಬಟ್ಟಲಿಗೆ, ಇನ್ನೊಂದನ್ನು ಎರಡು ಚಮಚ ಉಪ್ಪು ಕರಗಿಸಿದ ಒಂದು ಲೋಟ ನೀರಿಗೆ ಹಾಕಿ ಒಂದು ಗಂಟೆ ಬಿಡಿ. ಬರೀ ನೀರಿನದು ಇನ್ನಷ್ಟು ಬಿರುಸಾಗಿರುತ್ತದೆ, ಬಗ್ಗಿಸಿದರೆ ಟಕ್ಕೆಂದು ಮುರಿಯುತ್ತದೆ. ಉಪ್ಪುನೀರಿನದನ್ನು ಬೆರಳಿಗೆ ಸುತ್ತಬಹುದು. ಮಕ್ಕಳಿದ್ದರೆ ಅವರ ಕೈಯಲ್ಲೇ ಮಾಡಿಸಿ, ಪರೀಕ್ಷೆಗೆ ಬಾಯಿಪಾಠ ಮಾಡುವುದು ತಪ್ಪುತ್ತದೆ.

ಮಿಡಿ ಕೆಡಿಸುವವರಿಗೂ ಇದೇ ಗತಿ

ಮಿಡಿಯನ್ನು ಕೆಡಿಸುವ ಬ್ಯಾಕ್ಟೀರಿಯ, ಯೀಸ್ಟು, ಬೂಸ್ಟು ಇವೂ ಜೀವಕೋಶಗಳೇ. ಗಾಢ ಉಪ್ಪುನೀರು ಅವುಗಳ ಒಳಗಿನ ನೀರನ್ನೂ ಎಳೆಯುತ್ತದೆ. ನೀರಿಲ್ಲದೆ ಅವು ಬೆಳೆಯಲಾರವು. ಆದರೆ ಉಪ್ಪು ಅವನ್ನೆಲ್ಲ ಕೊಲ್ಲುವುದಿಲ್ಲ ಎಂಬುದನ್ನು ಚೆನ್ನಾಗಿ ನೆನಪಿಡಿ. ಹಲವು ಸುಮ್ಮನೆ ಕೂತಿರುತ್ತವೆ. ದ್ರಾವಣ ತೆಳುವಾದ ದಿನ ಎದ್ದು ಕೆಲಸ ಶುರು ಮಾಡುತ್ತವೆ.

ಎಲ್ಲಕ್ಕೂ ಒಂದೇ ತಾಳಿಕೆ ಇಲ್ಲ. ನೂರರಲ್ಲಿ ಹತ್ತು ಪಾಲು ಉಪ್ಪಿನ ನೀರಿನಲ್ಲಿ ಕೊಳೆಸುವ ಬ್ಯಾಕ್ಟೀರಿಯ ಬಹಳಷ್ಟು ಸುಮ್ಮನಾಗುತ್ತವೆ. ಯೀಸ್ಟು ಮತ್ತು ಬೂಸ್ಟು ಇನ್ನೂ ಗಟ್ಟಿ ಜಾತಿ, ಹತ್ತರಲ್ಲೂ ಬದುಕುತ್ತವೆ. ಮಿಡಿ ಮೆತ್ತಗಾಗುವುದು ಮುಖ್ಯವಾಗಿ ಇವುಗಳಿಂದ. ಕೋಶದ ಗೋಡೆಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಪೆಕ್ಟಿನ್. ಈ ಜೀವಿಗಳು ಪೆಕ್ಟಿನ್ ಕರಗಿಸುವ ಕಿಣ್ವ ಬಿಡುತ್ತವೆ. ನೀರು ಹೋದರೂ ಗೋಡೆ ಗಟ್ಟಿಯಿದ್ದರೆ ಮಿಡಿ ಚಿರುಟಿ ಬಿಗಿಯಾಗಿರುತ್ತದೆ. ಅಂಟು ಕರಗಿದರೆ ಪಿಚಪಿಚ. ಚಿರುಟುವುದು ಬೇರೆ, ಮೆತ್ತಗಾಗುವುದು ಬೇರೆ. ಮೊದಲನೆಯದು ನಮಗೆ ಬೇಕು, ಎರಡನೆಯದು ಬೇಡ.

ಈಗ ಲೆಕ್ಕಕ್ಕೆ ಬರೋಣ. ಐದು ಕೆ.ಜಿ. ಮಿಡಿಯಲ್ಲಿ ನೀರೇ ಸುಮಾರು ನಾಲ್ಕೂಕಾಲು ಕೆ.ಜಿ. ಇರುತ್ತದೆ. ನೀವು ಹಾಕಿದ ಉಪ್ಪು ಕೊನೆಗೆ ಒಳಗೂ ಹೊರಗೂ ಈ ಎಲ್ಲ ನೀರಿಗೆ ಹಂಚಿಹೋಗಬೇಕು.

ಒಂದು ಕೆ.ಜಿ. ಉಪ್ಪು ಹಾಕಿದರೆ ನೂರಕ್ಕೆ ಸುಮಾರು 19 ಪಾಲು ಉಪ್ಪಾಯಿತು. ಅರ್ಧ ಕೆ.ಜಿ. ಹಾಕಿದರೆ ಸುಮಾರು ಹತ್ತೂವರೆ ಪಾಲು, ಯೀಸ್ಟಿಗೆ ಅನುಕೂಲದ ಜಾಗ. ಕಾಲು ಕೆ.ಜಿ. ಹಾಕಿದರೆ ಐದೂವರೆ, ಅದು ಕೆಲವು ದಿನಗಳಲ್ಲೇ ಹುಳಿತು ನೊರೆ ಬರುವ ಮಟ್ಟ. ನನ್ನ ಮುನ್ನೂರು ಗ್ರಾಂ ಲೆಕ್ಕವೂ ಹತ್ತೂವರೆಗೆ ಬಂದು ನಿಲ್ಲುತ್ತದೆ. ಉಪ್ಪನ್ನು ನಾವು ಮಿಡಿಗೆ ಹಾಕುತ್ತೇವೆ ಅಂದುಕೊಳ್ಳುತ್ತೇವೆ. ಅಳೆಯಬೇಕಾದದ್ದು ಮಿಡಿಯೊಳಗಿನ ನೀರಿಗೆ.

ಹಾಕುವ ಕ್ರಮ

1. ಮಿಡಿ ಆರಿಸುವುದು. ಒಳಗಿನ ಗೊರಟು ಗಟ್ಟಿಯಾಗುವ ಮೊದಲೇ ಕೊಯ್ದ ಮಿಡಿ ಬೇಕು. ಒಂದನ್ನು ಅಡ್ಡ ಕೊಯ್ದು ನೋಡಿ, ಚಾಕು ತಡೆಯಿಲ್ಲದೆ ಇಳಿಯಬೇಕು. ಶಿರಸಿ, ಸಾಗರ, ರಿಪ್ಪನ್‌ಪೇಟೆಯ ಸಂತೆಯಲ್ಲಿ ಕೊಳ್ಳುವವರು ಕೇಳಬೇಕಾದ ಪ್ರಶ್ನೆ, ಕೈಯಲ್ಲಿ ಕೊಯ್ದದ್ದೋ ಉದುರಿಸಿದ್ದೋ ಎಂದು. ನೆಲಕ್ಕೆ ಬಿದ್ದ ಮಿಡಿಯ ಸಿಪ್ಪೆ ಹೊರಗೆ ಸರಿಯಿದ್ದರೂ ಒಳಗೆ ಜಜ್ಜಿರುತ್ತದೆ. ಕೋಶ ಒಡೆದ ಆ ಜಾಗವೇ ಮೊದಲು ಮೆತ್ತಗಾಗುವುದು. ಭರಣಿಯಲ್ಲಿ ಅಂಥದ್ದೊಂದಿದ್ದರೆ ಪಕ್ಕದವಕ್ಕೂ ಕೇಡು.

2. ತೊಟ್ಟು ಉಳಿಸುವುದು. ಅರ್ಧ ಇಂಚು ತೊಟ್ಟು ಇರಲಿ. ತೊಟ್ಟು ಕಿತ್ತರೆ ಸೊನೆ ಸುರಿದುಹೋಗುತ್ತದೆ. ಅಪ್ಪೆಯ ಘಮ ಆ ಸೊನೆಯಲ್ಲೇ ಇದೆ. ಕಿತ್ತ ಜಾಗದ ತೂತು ಸೂಕ್ಷ್ಮಜೀವಿಗಳಿಗೆ ಬಾಗಿಲೂ ಹೌದು.

3. ತೊಳೆದು ಒರೆಸುವುದು. ತೊಳೆದ ಮೇಲೆ ಹತ್ತಿ ಬಟ್ಟೆಯಲ್ಲಿ ಒಂದೊಂದನ್ನೂ ಒರೆಸಿ, ನೆರಳಲ್ಲಿ ಹರಡಿ. ಬಿಸಿಲು ಬೇಡ. ಆಮೇಲೆ ತೂಗಿ, ತೂಕ ಬರೆದಿಟ್ಟುಕೊಳ್ಳಿ. ಹಿಂದಿನವರು ಸೇರಿನಲ್ಲಿ ಅಳೆಯುತ್ತಿದ್ದರು. ಸೇರು ಊರಿಂದೂರಿಗೆ ಬೇರೆ. ಜೊತೆಗೆ ಒಂದು ಸೇರು ಹರಳುಪ್ಪಿನ ತೂಕ ಒಂದು ಸೇರು ಮಿಡಿಯದಕ್ಕಿಂತ ಬಹಳ ಹೆಚ್ಚು. ಅಜ್ಜಿಯ ಸೇರಿನ ಲೆಕ್ಕವನ್ನು ಹಾಗೇ ಕೆ.ಜಿ.ಗೆ ತಿರುಗಿಸಿದರೆ ಉಪ್ಪು ಬಹಳ ಕಡಿಮೆ ಬೀಳುತ್ತದೆ. ಪೇಟೆಗೆ ಬಂದ ಅನೇಕರು ಎಡವಿರುವುದು ಇಲ್ಲಿಯೇ.

4. ಉಪ್ಪು. ಐದು ಕೆ.ಜಿ. ಮಿಡಿಗೆ ಒಂದು ಕೆ.ಜಿ. ಹರಳುಪ್ಪು. ಎರಡು ಮೂರು ವರ್ಷ ಇಡುವುದಾದರೆ ಇನ್ನೊಂದು ಕಾಲು ಕೆ.ಜಿ. ಸೇರಿಸಿ. ಹರಳುಪ್ಪೇ ಏಕೆ? ಪುಡಿಯುಪ್ಪಿಗೆ ಗಂಟು ಕಟ್ಟದಂತೆ ಸೇರಿಸಿದ ಪುಡಿ ರಸವನ್ನು ಕದಡಿಸುತ್ತದೆ. ಹರಳುಪ್ಪು ನಿಧಾನಕ್ಕೆ ಕರಗುತ್ತ ಬಹಳ ದಿನ ತಳದಲ್ಲಿ ಉಳಿದಿರುತ್ತದೆ. ಸಮುದ್ರದ ಹರಳುಪ್ಪಿನಲ್ಲಿ ಸ್ವಲ್ಪ ಕ್ಯಾಲ್ಸಿಯಂ ಕೂಡ ಇರುತ್ತದೆ, ಅದು ಪೆಕ್ಟಿನ್‌ಗೆ ಅಂಟಿಕೊಂಡು ಗೋಡೆಯನ್ನು ಬಿಗಿ ಮಾಡುವಂಥದ್ದು.

5. ಪದರ ಹಾಕುವುದು. ಭರಣಿಯ ತಳಕ್ಕೆ ಉಪ್ಪು, ಮೇಲೆ ಮಿಡಿ, ಮತ್ತೆ ಉಪ್ಪು. ಎಲ್ಲಕ್ಕೂ ಮೇಲೆ ಒಂದು ಹಿಡಿ ಉಪ್ಪು. ನೀರು ಹಾಕಬೇಡಿ, ಮಿಡಿಯೇ ಬಿಡುತ್ತದೆ. ಮೊದಲ ದಿನ ಏನೂ ಕಾಣುವುದಿಲ್ಲ, ಗಾಬರಿ ಬೇಡ. ಹೋಳು ಮಾಡಿದ ಮಾವಿನಕಾಯಿ ರಾತ್ರಿ ಬೆಳಗಾಗುವುದರೊಳಗೆ ನೀರು ಬಿಡುತ್ತದೆ, ಏಕೆಂದರೆ ಕೊಯ್ದ ಮೈ ತೆರೆದಿದೆ. ಇಡೀ ಮಿಡಿಯ ಸಿಪ್ಪೆಯ ಮೇಲೆ ಮೇಣದ ಪದರವಿದೆ, ನೀರು ಅದನ್ನು ದಾಟಿ ಬರಲು ಹೊತ್ತು ಹಿಡಿಯುತ್ತದೆ.

6. ದಿನಾ ಕುಲುಕುವುದು. ಈ ಹೆಜ್ಜೆಯನ್ನು ಬಹಳ ಜನ ಹಗುರವಾಗಿ ನೋಡುತ್ತಾರೆ. ನನ್ನ ಪ್ರಕಾರ ಉಪ್ಪಿನ ಅಳತೆ ಬಿಟ್ಟರೆ ಇದೇ ದೊಡ್ಡದು. ಗಾಢ ಉಪ್ಪುನೀರು ಭಾರ, ತಳಕ್ಕಿಳಿಯುತ್ತದೆ. ಮಿಡಿಯಿಂದ ಹೊಸದಾಗಿ ಬಂದ ನೀರು ಹಗುರ, ಮೇಲೆ ನಿಲ್ಲುತ್ತದೆ. ಕುಲುಕದೆ ಬಿಟ್ಟರೆ ತಳದ ಮಿಡಿ ಚೆನ್ನಾಗಿ ಚಿರುಟಿ, ಮೇಲಿನ ಮಿಡಿ ತೆಳು ನೀರಿನಲ್ಲಿ ತೇಲುತ್ತ ಕೂರುತ್ತದೆ. ಭರಣಿಯ ಬಾಯಿಗೆ ಬಟ್ಟೆ ಬಿಗಿದು ಕುಲುಕಿ. ಭಾರವಾದರೆ ಒಣಗಿದ ಮರದ ಸೌಟಿನಿಂದ ತಳದಿಂದ ಮೇಲೆ ತಿರುವಿ. ಮೇಲೆ ಒಂದು ತಟ್ಟೆ, ಅದರ ಮೇಲೆ ನೀರಿನಲ್ಲಿ ಕುದಿಸಿ ಒಣಗಿಸಿದ ಕಲ್ಲು ಇಡಿ. ಎಲ್ಲ ಮಿಡಿಯೂ ರಸದೊಳಗೆ ಮುಳುಗಿರಬೇಕು.

7. ಹದ ನೋಡುವುದು. ಹತ್ತರಿಂದ ಹದಿನೈದು ದಿನಕ್ಕೆ ಮಿಡಿ ಚಿರುಟಿರುತ್ತದೆ. ಬಣ್ಣ ಹಸಿರಿನಿಂದ ಎಲೆಹಳದಿಗೆ ತಿರುಗಿರುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ರಬ್ಬರಿನಂತೆ ಬಿಗಿಯಿರಬೇಕು. ಕೊಯ್ದು ನೋಡಿದರೆ ನಡುವಿನಲ್ಲಿ ಬಿಳಿ ಹಸಿ ಉಳಿದಿರಬಾರದು. ಇಷ್ಟರಲ್ಲಿ ಮಿಡಿಯ ಕೋಶಗಳು ಸತ್ತಿರುತ್ತವೆ. ಸತ್ತ ಕೋಶದ ಪೊರೆ ಉಪ್ಪನ್ನು ತಡೆಯುವುದಿಲ್ಲ. ಆದ್ದರಿಂದಲೇ ಮೊದಲ ದಿನಗಳಲ್ಲಿ ನೀರು ಹೊರಬಂದರೆ, ಕೊನೆಯ ದಿನಗಳಲ್ಲಿ ಉಪ್ಪು ಒಳಹೋಗುತ್ತದೆ. ಉಪ್ಪು ಹಿಡಿಯಿತು ಎನ್ನುವುದು ಆಗಲೇ.

8. ರಸ ಕುದಿಸುವುದು. ಮಿಡಿ ತೆಗೆದಿಟ್ಟು ರಸವನ್ನು ಸೋಸಿ ಕುದಿಸಿ. ಉಪ್ಪು ತಾಳುವ ಯೀಸ್ಟುಗಳು ಸಾಯುತ್ತವೆ, ಸ್ವಲ್ಪ ನೀರು ಆವಿಯಾಗಿ ರಸ ಮತ್ತೆ ಗಾಢವಾಗುತ್ತದೆ. ಪೂರ್ತಿ ತಣ್ಣಗಾಗಲು ಬಿಡಿ, ಅವಸರ ಬೇಡ. ಒಂದು ಸಣ್ಣ ಆಲೂಗಡ್ಡೆಯನ್ನು ತೊಳೆದು ಒರೆಸಿ, ರಸದಲ್ಲಿ ಸ್ವಲ್ಪ ಬಟ್ಟಲಿಗೆ ತೆಗೆದು ಅದರಲ್ಲಿ ಬಿಟ್ಟು ನೋಡಿ. ಮುಳುಗಿದರೆ ಉಪ್ಪು ಸಾಲದು. ತೇಲಿದರೆ ಹತ್ತು ಪಾಲು ದಾಟಿದೆ ಎಂದಷ್ಟೇ ತಿಳಿಯುತ್ತದೆ, ಹದಿನೈದಿದೆಯೋ ಇಪ್ಪತ್ತಿದೆಯೋ ಹೇಳುವುದಿಲ್ಲ. ಅದಕ್ಕೆ ತೂಕವೇ ಆಧಾರ.

9. ಖಾರ ಬೆರೆಸುವುದು. ಸಾಸಿವೆಯನ್ನು ತಣ್ಣಗಾದ ರಸದಲ್ಲೇ ರುಬ್ಬಿ. ಸಾಸಿವೆಯ ಘಾಟು ಕಾಳಿನೊಳಗೆ ಸಿದ್ಧವಾಗಿ ಇರುವುದಿಲ್ಲ. ಅರೆದು ಒದ್ದೆಯಾದಾಗ ಒಂದು ಕಿಣ್ವ ಅದನ್ನು ಹುಟ್ಟಿಸುತ್ತದೆ. ಬಿಸಿ ರಸ ಆ ಕಿಣ್ವವನ್ನು ಕೊಲ್ಲುತ್ತದೆ. ಘಾಟು ರುಚಿಗಷ್ಟೇ ಅಲ್ಲ, ಬೂಸ್ಟನ್ನು ತಡೆಯುವ ಗುಣವೂ ಅದಕ್ಕಿದೆ. ಬ್ಯಾಡಗಿ ಮೆಣಸಿನ ಪುಡಿ, ಅರಿಶಿನ ನಿಮ್ಮ ಮನೆಯ ಅಳತೆ. ಪುಡಿಗಳು ಪೂರ್ತಿ ಒಣಗಿರಬೇಕು ಅನ್ನುವುದಷ್ಟೇ ನನ್ನ ಮಾತು. ಮಿಡಿಯನ್ನು ಸೇರಿಸಿ ಭರಣಿಗೆ ತುಂಬಿ, ಮೇಲೊಂದು ತೆಳು ಪದರ ಉಪ್ಪು ಹಾಕಿ, ಬಟ್ಟೆ ಕಟ್ಟಿ ತಣ್ಣಗಿನ ಕತ್ತಲೆ ಮೂಲೆಯಲ್ಲಿಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಒದ್ದೆ ಚಮಚದ ವಿಷಯ ಎಲ್ಲರಿಗೂ ಗೊತ್ತು, ಕಾರಣ ಗೊತ್ತಿರುವವರು ಕಡಿಮೆ. ಎರಡು ಹನಿ ನೀರಿನಿಂದ ಇಡೀ ಭರಣಿಯ ಉಪ್ಪು ಇಳಿಯುವುದಿಲ್ಲ, ನಿಜ. ಆದರೆ ಆ ಎರಡು ಹನಿ ಉಪ್ಪುರಸಕ್ಕಿಂತ ಹಗುರ, ಬೆರೆಯದೆ ಮೇಲೇ ಹರಡಿ ನಿಲ್ಲುತ್ತದೆ. ಗಾಳಿ ತಗಲುವ ಮೇಲ್ಮೈಯಲ್ಲಿ ಒಂದು ತೆಳುವಾದ, ಉಪ್ಪು ಕಡಿಮೆಯ ಪದರ ಸಿದ್ಧವಾಯಿತು. ಸುಮ್ಮನೆ ಕೂತಿದ್ದ ಬೂಸ್ಟಿಗೆ ಅಷ್ಟೇ ಬೇಕಿತ್ತು. ಭರಣಿಯ ಮುಚ್ಚಳದೊಳಗೆ ಬೆವರಿನಂತೆ ಕಟ್ಟುವ ನೀರೂ ಇದೇ ಕೆಲಸ ಮಾಡುತ್ತದೆ. ಬಿಸಿ ರಸ ತುಂಬಿ ಮುಚ್ಚಿದರೆ ಆಗುವುದು ಇದೇ. ದೊಡ್ಡ ಭರಣಿಯಿಂದ ತಿಂಗಳಿಗೊಮ್ಮೆ ಸಣ್ಣ ಜಾಡಿಗೆ ತೆಗೆದುಕೊಂಡು ದಿನಕ್ಕೆ ಅದನ್ನೇ ಬಳಸಿ.

ರಸ ಸಾಲದೆಂದು ನಲ್ಲಿ ನೀರು ಸುರಿಯುವುದು ಇನ್ನೊಂದು. ರಸ ಬೇಕೇ ಆದರೆ ಒಂದು ಲೀಟರ್ ನೀರಿಗೆ ಕಾಲು ಕೆ.ಜಿ. ಉಪ್ಪು ಹಾಕಿ ಕುದಿಸಿ, ತಣಿಸಿ ಸೇರಿಸಿ. ನೂರು ಗ್ರಾಂ ನೀರು ಸುಮಾರು 36 ಗ್ರಾಂ ಉಪ್ಪನ್ನು ಮಾತ್ರ ಕರಗಿಸಿಕೊಳ್ಳಬಲ್ಲದು. ಅದಕ್ಕಿಂತ ಹೆಚ್ಚು ಹಾಕಿದ್ದು ತಳದಲ್ಲಿ ಉಳಿಯುತ್ತದೆ, ಹಾಳೇನೂ ಅಲ್ಲ.

ಉಪ್ಪಿನ ಬದಲು ಸಕ್ಕರೆ ಅಥವಾ ಬೆಲ್ಲ ಅಷ್ಟೇ ಅಳತೆಗೆ ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ನೀರನ್ನು ಎಳೆಯುವ ಬಲ ಕರಗಿದ ಕಣಗಳ ಸಂಖ್ಯೆಯದು, ತೂಕದ್ದಲ್ಲ. ಉಪ್ಪಿನ ಕಣ ಸಣ್ಣದು, ಕರಗಿದಾಗ ಎರಡಾಗಿ ಒಡೆಯುತ್ತದೆ. ಸಕ್ಕರೆಯದು ದೊಡ್ಡದು, ಒಂದೇ ಆಗಿ ಉಳಿಯುತ್ತದೆ. ಒಂದು ಗ್ರಾಂ ಉಪ್ಪಿನ ಕೆಲಸಕ್ಕೆ ಸುಮಾರು ಹನ್ನೆರಡು ಗ್ರಾಂ ಸಕ್ಕರೆ ಬೇಕು. ಗುಳಂಬ, ಮೊರಬ್ಬಗಳಲ್ಲಿ ಹಣ್ಣಿಗಿಂತ ಸಕ್ಕರೆಯೇ ಹೆಚ್ಚೆಂಬಂತೆ ಇರುವುದು ಇದರಿಂದ. ಸಿಹಿ ಉಪ್ಪಿನಕಾಯಿಯಲ್ಲಿ ಇಷ್ಟು ಸಕ್ಕರೆಯೂ ಇಲ್ಲದೆ, ಅಷ್ಟು ಉಪ್ಪೂ ಇಲ್ಲದೆ ಇದ್ದರೆ ಅದು ಫ್ರಿಜ್ಜಿನ ಪದಾರ್ಥ ಎಂದು ತಿಳಿಯಿರಿ.

ಪಾತ್ರೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಚೀನಿ ಭರಣಿ ಅಥವಾ ಗಾಜು. ಅಲ್ಯುಮಿನಿಯಂ, ಹಿತ್ತಾಳೆ, ತಾಮ್ರ ಬೇಡವೇ ಬೇಡ. ಸ್ಟೀಲನ್ನೂ ಉಪ್ಪು ಮತ್ತು ಹುಳಿ ಸೇರಿ ತಿನ್ನುತ್ತವೆ. ಒಳಮೈ ಬಿರುಕುಬಿಟ್ಟ ಹಳೆಯ ಭರಣಿಯನ್ನು ಎಷ್ಟೇ ಪ್ರೀತಿಯಿದ್ದರೂ ನಿವೃತ್ತಿಗೊಳಿಸಿ.

ಉಪ್ಪುಸೊಳೆಗೆ ಬೇರೆ ಎಚ್ಚರ

ಮಾವಿನ ಮಿಡಿಗೆ ಉಪ್ಪಿನ ಜೊತೆ ಹುಳಿಯ ಕಾವಲೂ ಇದೆ. ಹಲಸಿನ ಸೊಳೆಗೆ ಆ ಹುಳಿ ಇಲ್ಲ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆಂದು ಬಲಿತ ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವವರು ಉಪ್ಪು ಕಡಿಮೆ ಮಾಡಲೇಬಾರದು. ಹುಳಿಯಿಲ್ಲದ, ಗಾಳಿಯಾಡದ ಕಡೆ ಬಾಟುಲಿನಮ್ ಎಂಬ ಬ್ಯಾಕ್ಟೀರಿಯ ಬೆಳೆದರೆ ಅದರ ವಿಷ ಪ್ರಾಣಕ್ಕೇ ಅಪಾಯ. ರುಚಿಯಲ್ಲಿ, ವಾಸನೆಯಲ್ಲಿ ಅದು ಗೊತ್ತಾಗದೆಯೂ ಇರಬಹುದು. ನೂರಕ್ಕೆ ಹತ್ತು ಪಾಲು ಉಪ್ಪು ಅದನ್ನು ತಡೆಯುತ್ತದೆ. ಹದಿನೈದರ ಮೇಲೆ ಇಟ್ಟುಕೊಂಡರೆ ನಿಶ್ಚಿಂತೆ.

ಉಪ್ಪು ಇಳಿಸುವುದು ಅಡುಗೆಯ ದಿನದ ಕೆಲಸ. ಒಂದು ಪಾಲು ಸೊಳೆಗೆ ಎರಡು ಪಾಲು ನೀರು ಹಾಕಿ ಎರಡು ಗಂಟೆ ನೆನೆಸಿದರೆ ಉಪ್ಪು ಮೂರನೇ ಒಂದು ಪಾಲಿನ ಹತ್ತಿರಕ್ಕೆ ಇಳಿಯುತ್ತದೆ. ನೀರು ಚೆಲ್ಲಿ ಹೊಸ ನೀರು ಹಾಕಿದರೆ ಒಂಬತ್ತನೇ ಒಂದು ಪಾಲು. ಒಂದೇ ಸಲ ಕೊಡಗಟ್ಟಲೆ ನೀರಿನಲ್ಲಿ ಹಾಕುವುದಕ್ಕಿಂತ ಸ್ವಲ್ಪ ನೀರನ್ನು ಎರಡು ಮೂರು ಸಲ ಬದಲಿಸುವುದು ಲಾಭ. ಕೊನೆಗೆ ಹಿಂಡಿ ತೆಗೆದರೆ ರೊಟ್ಟಿಗೂ ಸೈ, ಉಂಡ್ಲಕಾಳಿಗೂ ಸೈ. ಹೀಗೆ ನೆನೆಸಿದ ಸೊಳೆ ಮತ್ತೆ ಹಸಿಯದರಂತೆ ಬಿರುಸಾಗುವುದಿಲ್ಲ. ಬಾಡಿದ ಕೊತ್ತಂಬರಿ ಸೊಪ್ಪನ್ನು ನೀರಿಗಿಟ್ಟರೆ ನಿಮಿರಿ ನಿಲ್ಲುತ್ತದೆ, ಏಕೆಂದರೆ ಅದರ ಕೋಶಗಳಿಗೆ ಇನ್ನೂ ಜೀವವಿದೆ, ಪೊರೆ ನೀರನ್ನು ಹಿಡಿದಿಡಬಲ್ಲದು. ಉಪ್ಪಿನ ಸೊಳೆಯಲ್ಲಿ ಆ ಪೊರೆಯೇ ಉಳಿದಿಲ್ಲ.

ಎಚ್ಚರಿಕೆಗಳು

• ರಸದ ಮೇಲೆ ತೆಳುವಾದ ಬಿಳಿ ಪರೆ ಮಾತ್ರ ಇದ್ದು, ಮಿಡಿ ಬಿಗಿಯಿದ್ದು, ವಾಸನೆ ಸರಿಯಿದ್ದರೆ ಪರೆ ತೆಗೆದು, ರಸ ಕುದಿಸಿ, ಉಪ್ಪು ಸೇರಿಸಿ ಉಳಿಸಿಕೊಳ್ಳಬಹುದು.

• ಹಸಿರು, ಕಪ್ಪು, ಕೆಂಪು ಬಣ್ಣದ ಕೂದಲಿನಂಥ ಬೂಸ್ಟು ಬಂದಿದ್ದರೆ ಪೂರ್ತಿ ಚೆಲ್ಲಿ. ಮೇಲಿನದ್ದಷ್ಟೇ ತೆಗೆದು ತಿನ್ನಬೇಡಿ. ಕೆಲವು ಬೂಸ್ಟಿನ ವಿಷ ಕುದಿಸಿದರೂ ಹೋಗುವುದಿಲ್ಲ.

• ಒಮ್ಮೆ ಮೆತ್ತಗಾದ ಮಿಡಿ ಎಷ್ಟು ಉಪ್ಪು ಹಾಕಿದರೂ ಗಟ್ಟಿಯಾಗುವುದಿಲ್ಲ.

• ಬಿಪಿ, ಮೂತ್ರಪಿಂಡದ ತೊಂದರೆ, ಹೃದಯದ ತೊಂದರೆ ಇರುವವರ ವಿಷಯ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಹತ್ತು ಗ್ರಾಂ ತೂಗುವ ಒಂದು ಉಪ್ಪು ಹಿಡಿದ ಮಿಡಿಯಲ್ಲೇ ಸುಮಾರು ಎರಡು ಗ್ರಾಂ ಹೋಯಿತು. ಇಂಥವರು ವೈದ್ಯರನ್ನು ಕೇಳಿ, ಅರ್ಧ ಮಿಡಿ ತಿನ್ನಬಹುದೋ, ಬಿಟ್ಟೇಬಿಡಬೇಕೋ ತೀರ್ಮಾನಿಸಿ.

ಇದೇ ಕಾರಣಕ್ಕೆ ಫೋನು ಮಾಡಿದ ಎಲ್ಲರಿಗೂ ನಾನು ಹೇಳುವುದು, ಉಪ್ಪು ಕಡಿಮೆ ಮಾಡಬೇಕಿದ್ದರೆ ಬಾಳೆಲೆಯಲ್ಲಿ ಮಾಡಿ, ಭರಣಿಯಲ್ಲಿ ಮಾಡಬೇಡಿ. ಮಿಡಿಯನ್ನು ಬಡಿಸುವ ಮುಂಚೆ ತುಸು ಹೊತ್ತು ನೀರಿನಲ್ಲಿಟ್ಟು ತೆಗೆಯಬಹುದು, ಸಣ್ಣದನ್ನು ಆರಿಸಬಹುದು, ಮೊಸರನ್ನಕ್ಕೆ ಉಪ್ಪು ಹಾಕದೆ ಮಿಡಿಯ ಉಪ್ಪಿನಲ್ಲೇ ಉಣ್ಣಬಹುದು. ಕಡಿಮೆ ಉಪ್ಪಿನ ಉಪ್ಪಿನಕಾಯಿಯೇ ಬೇಕೆಂದರೆ ನಾಲ್ಕು ದಿನಕ್ಕಾಗುವಷ್ಟು ಹೋಳಿನದು ಮಾಡಿ ಫ್ರಿಜ್ಜಿನಲ್ಲಿಡಿ, ಅದರಲ್ಲಿ ತಪ್ಪಿಲ್ಲ. ವರ್ಷವಿಡೀ ಹೊರಗಿಡುವ ಭರಣಿಗೆ ಮಾತ್ರ ಉಪ್ಪಿನ ರಿಯಾಯಿತಿ ಇಲ್ಲ.

ಈ ಸಲ ಮಿಡಿ ಹಾಕಿದ ದಿನವೇ ಭರಣಿಗೆ ಒಂದು ಚೀಟಿ ಅಂಟಿಸಿ. ಮಿಡಿ ಎಷ್ಟು ಕೆ.ಜಿ., ಉಪ್ಪು ಎಷ್ಟು, ತಾರೀಖು ಯಾವುದು, ಇಷ್ಟು ಬರೆದರೆ ಸಾಕು. ಮುಂದಿನ ಮೇ ತಿಂಗಳಲ್ಲಿ ನನಗೆ ಫೋನು ಮಾಡುವುದಾದರೆ ಆ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮಾಡಿ.